ಬಸಿರಿನಲ್ಲಿ ಗಂಡನ ಪಾಲು

1937ರಲ್ಲಿ, ನ್ಯೂಯಾರ್ಕ್ ನಗರದ ಆಸ್ಪತ್ರೆಯೊಂದರಲ್ಲಿ, ಇಪ್ಪತ್ತೈದು ವರ್ಷದ ಹೆಂಗಸೊಬ್ಬಳು, ಗರ್ಭದಲ್ಲಿಯೇ ಅಸುನೀಗಿದ್ದ ಶಿಶುವನ್ನು ಹಡೆದು, ರಕ್ತಸ್ರಾವದಿಂದ ನಿಶ್ಶಕ್ತಳಾಗಿ ಮಲಗಿದ್ದಳು. ಹೊರಗಿನಿಂದ ರಕ್ತ ಕೊಡದೆ ಅನ್ಯಗತಿಯಿರಲಿಲ್ಲವಾದುದರಿಂದ ವೈದ್ಯರು ಗಂಡನ ರಕ್ತವನ್ನು ಪರೀಕ್ಷಿಸಿ, ದಂಪತಿಗಳಿಬ್ಬರದೂ ‘ಓ’ ಗುಂಪೇ ಎಂಬುದನ್ನು ನಿಶ್ಚಯಿಸಿಕೊಂಡು, ಆತನ ರಕ್ತವನ್ನು ಆಕೆಯ ನಾಳಕ್ಕೆ ಹರಿಸಿದರು. ಅಂದಿನ ಶಾಸ್ತ್ರದ ಪ್ರಕಾರ ಇದರಲ್ಲಿ ದೋಷವೇನೂ ಇರಲಿಲ್ಲ. ಆದರೆ ರಕ್ತ ಸೇರಿದ ಸ್ವಲ್ಪ ಹೊತ್ತಿನಲ್ಲಿಯೇ ಆಕೆಗೆ ನಡುಕ ಹತ್ತಿತು; ಕಾಲುಗಳಲ್ಲಿಯೂ ತಲೆಯಲ್ಲಿಯೂ ನೋವು ಕಾಣಿಸಿಕೊಂಡಿತು. ಒಗ್ಗಬೇಕಾಗಿದ್ದ ರಕ್ತ ಒಗ್ಗಲಿಲ್ಲ.

ಫಿಲಿಪ್ ಲೆವಿನ್ ಮತ್ತು ರೂಫಸ್ ಸ್ಟೆಟ್ಸನ್ ಎಂಬ ವೈದ್ಯರು ಈ ಹೆಂಗಸಿನ ರಕ್ತದ್ರವವನ್ನು ಬೇರೆ ಬೇರೆ ದಾನಿಗಳ ‘ಓ’ ರಕ್ತದೊಡನೆ ಬೆರೆಸಿ ನೋಡಿದರು. ನೂರಕ್ಕೆ ಎಂಬತ್ತರಷ್ಟು ಮಂದಿಯ ರಕ್ತ ಅದರಲ್ಲಿ ಗರಣೆಗಟ್ಟಿತು. ಆಕೆಯ ದೇಹದಲ್ಲಿ ಏತಕ್ಕೋ ವಿರುದ್ಧವಾದ ಪ್ರತಿಕಾಯಗಳು ಮೊದಲೇ ಸಿದ್ಧವಾಗಿ ನಿಂತಿದ್ದುವು. ಅವು ಎಲ್ಲಿಂದ ಬಂದುವು? 1939ರಲ್ಲಿ ಪ್ರಕಟವಾದ ಅವರ ಲೇಖನದಲ್ಲಿ ಕೊಟ್ಟ ಉತ್ತರ ಇಂದಿಗೂ ವಿಸ್ಮಯ ಹುಟ್ಟಿಸತಕ್ಕದ್ದು. ತಾಯಿಯಲ್ಲಿ ಇಲ್ಲದ ಯಾವುದೋ ಒಂದು ವಸ್ತುವನ್ನು ಶಿಶು ತಂದೆಯಿಂದ ಪಡೆದಿತ್ತು; ಒಡಲೊಳಗಿನ ಆ ಶಿಶುವಿನಿಂದಲೇ ತಾಯಿಯ ದೇಹ ಆ ವಸ್ತುವನ್ನು ಗುರುತಿಸಿ, ಅದರ ಮೇಲೆ ಹಗೆ ಸಾಧಿಸತೊಡಗಿತ್ತು; ಅದೇ ವಸ್ತುವಿರುವ ಗಂಡನ ರಕ್ತ ನಾಳದೊಳಕ್ಕೆ ಬಂದಾಗ ಆ ಹಗೆ ಬಯಲಾಯಿತು. ಮುಂದಿನ ವರ್ಷ ಲ್ಯಾಂಡ್‌ಸ್ಟೈನರ್ ಮತ್ತು ವೀನರ್ ರೀಸಸ್ ಜಾತಿಯ ಕೋತಿಯ ರಕ್ತವನ್ನು ಬಳಸಿ ನಡೆಸಿದ ಪ್ರಯೋಗಗಳಿಂದ ಈ ವಸ್ತುವಿಗೆ ‘ಆರ್‌ಎಚ್’ ಎಂಬ ಹೆಸರು ನಿಂತಿತು. ಅದು ಉಳ್ಳವರು ಪಾಸಿಟಿವ್, ಇಲ್ಲದವರು ನೆಗೆಟಿವ್. ಐರೋಪ್ಯರಲ್ಲಿ ನೂರಕ್ಕೆ ಸುಮಾರು 15 ಮಂದಿ, ನಮ್ಮ ದೇಶದಲ್ಲಿ ಸುಮಾರು 5 ಮಂದಿ ನೆಗೆಟಿವ್ ಗುಂಪಿನವರು.

ಹೆಂಡತಿ ನೆಗೆಟಿವ್ ಆಗಿದ್ದು ಗಂಡನೂ ನೆಗೆಟಿವ್ ಆಗಿದ್ದರೆ ಚಿಂತೆಯೇ ಇಲ್ಲ, ಮಕ್ಕಳೆಲ್ಲರೂ ನೆಗೆಟಿವ್. ಗಂಡ ಪಾಸಿಟಿವ್ ಆಗಿದ್ದು, ಆ ಗುಣ ಆತನಿಗೆ ತಂದೆ ತಾಯಿ ಇಬ್ಬರಿಂದಲೂ ಬಂದಿದ್ದರೆ ಮಕ್ಕಳೆಲ್ಲರೂ ಪಾಸಿಟಿವ್. ಒಬ್ಬರಿಂದ ಮಾತ್ರ ಬಂದಿದ್ದರೆ ಪ್ರತಿಯೊಂದು ಬಸಿರಿನಲ್ಲಿಯೂ ಅರ್ಧಕ್ಕರ್ಧ ಸಂಭವ. ಚೊಚ್ಚಲ ಮಗುವಿಗೆ ಸಾಮಾನ್ಯವಾಗಿ ಬಾಧೆ ತಟ್ಟುವುದಿಲ್ಲ. ಏಕೆಂದರೆ ಹೆರಿಗೆಯಲ್ಲಿ ಮಾಸು ಕಳಚುವ ಹೊತ್ತಿನಲ್ಲಿಯೇ ಮಗುವಿನ ರಕ್ತದ ಹನಿಗಳು ತಾಯಿಯ ರಕ್ತವನ್ನು ಸೇರುವುದು ಹೆಚ್ಚು, ಮತ್ತು ಪ್ರತಿಕಾಯಗಳು ಹುಟ್ಟಲು ಕಾಲ ಹಿಡಿಯುತ್ತದೆ. ಎರಡನೆಯ ಬಸಿರಿನ ಶಿಶುವೂ ಪಾಸಿಟಿವ್ ಆಗಿದ್ದರೆ ಅವು ಮಾಸನ್ನು ದಾಟಿ ಹೋಗಿ ಶಿಶುವಿನ ಕೆಂಪು ರಕ್ತಕಣಗಳನ್ನು ಒಡೆಯತೊಡಗುತ್ತವೆ. ಆಗ ಕೂಸು ಕಡುಕಾಮಾಲೆಯೊಡನೆ ಹುಟ್ಟೀತು, ಇಲ್ಲವೆ ಮೈಯೆಲ್ಲ ನೀರು ತುಂಬಿ ಒಡಲಿನಲ್ಲಿಯೇ ಸತ್ತೀತು. “ಮೊದಲನೆಯದು ಚೆನ್ನಾಗಿಯೇ ಹುಟ್ಟಿತ್ತು, ಆಮೇಲೆ ಒಂದೂ ದಕ್ಕಲಿಲ್ಲ” ಎಂದು ದೃಷ್ಟಿಯನ್ನೂ ದೈವವನ್ನೂ ಸೊಸೆಯ ಕಾಲ್ಗುಣವನ್ನೂ ದೂರಿದ ಮನೆಗಳಲ್ಲಿ ಕೆಲವಾದರೂ ದೂರಬೇಕಾಗಿದ್ದುದು ಈ ರಕ್ತವಿರೋಧವನ್ನೇ ಇರಬೇಕು.

ಇದಕ್ಕೆ ಮದ್ದು ದೊರೆತುದು 1968ರಲ್ಲಿ. ಹೆರಿಗೆಯಾದ 72 ಗಂಟೆಗಳೊಳಗೆ ತಾಯಿಗೆ, ಆರ್‌ಎಚ್ ವಸ್ತುವಿಗೆ ವಿರುದ್ಧವಾದ ಸಿದ್ಧ ಪ್ರತಿಕಾಯಗಳಿರುವ ‘ಆ್ಯಂಟಿ-ಡಿ’ ಚುಚ್ಚುಮದ್ದನ್ನು ಕೊಟ್ಟರೆ, ತಾಯಿಯ ದೇಹ ಮಗುವಿನ ರಕ್ತಕಣಗಳನ್ನು ಗುರುತಿಸುವುದಕ್ಕೆ ಮುಂಚೆಯೇ ಅವು ನಿವಾರಣೆಯಾಗುತ್ತವೆ. ಇಪ್ಪತ್ತೆಂಟನೆಯ ವಾರದಲ್ಲಿಯೂ ಒಮ್ಮೆ ಕೊಡುವ ರೂಢಿ ಈಗ ಉಂಟು. ಈ ಮದ್ದನ್ನು ತಯಾರಿಸುವುದು ಮನುಷ್ಯರ ರಕ್ತದಿಂದಲೇ. ಆಸ್ಟ್ರೇಲಿಯದ ಜೇಮ್ಸ್ ಹ್ಯಾರಿಸನ್ ಎಂಬ ಗೃಹಸ್ಥನು, ಹದಿನಾಲ್ಕನೆಯ ವಯಸ್ಸಿನಲ್ಲಿ ದೊಡ್ಡ ಶಸ್ತ್ರಚಿಕಿತ್ಸೆಗೆ ಒಳಗಾಗಿ ಅಪರಿಚಿತರ ರಕ್ತದಿಂದ ಬದುಕಿ ಉಳಿದ ಋಣವನ್ನು ನೆನೆದು, 1954ರಿಂದ 2018ರವರೆಗೆ 1,173 ಬಾರಿ ರಕ್ತವನ್ನೂ ಪ್ಲಾಸ್ಮಾವನ್ನೂ ದಾನ ಮಾಡಿದನು. ಪ್ರತಿಕಾಯ ಸಮೃದ್ಧವಾಗಿದ್ದ ಆತನ ಪ್ಲಾಸ್ಮಾದಿಂದ ಆದ ಮದ್ದು ಆತನ ಮಗಳ ಬಸಿರಿಗೂ ಒದಗಿತು. ಪರರ ಹೆಂಡಿರಿಗಾಗಿ ಒಬ್ಬ ಗಂಡಸು ಅರುವತ್ತು ವರ್ಷ ತೋಳು ಚಾಚಿದನೆಂಬುದನ್ನು, ಸ್ವಂತ ಹೆಂಡತಿಗಾಗಿ ಒಮ್ಮೆ ಬೆರಳು ಚುಚ್ಚಿಸಿಕೊಳ್ಳಲು ಹಿಂಜರಿಯುವವರ ಗಮನಕ್ಕೆ ತರಬಹುದು.

ಹೀಗಿದ್ದರೂ ಗರ್ಭಿಣಿಯ ತಪಾಸಣೆಯೆಂದರೆ ಹೆಂಗಸರ ವ್ಯವಹಾರ ಎಂಬ ಭಾವನೆ ಆಸ್ಪತ್ರೆಯ ಒಳಗೂ ಹೊರಗೂ ಬಲವಾಗಿದೆ. ‘ತಾಯಿ ಕಾರ್ಡ್’ ಹಿಡಿದು ಸಾಲಿನಲ್ಲಿ ಕುಳಿತವಳ ಗಂಡ ಗೇಟಿನ ಆಚೆ ಬೈಕಿನ ಮೇಲೆ ಕುಳಿತು ಫೋನು ನೋಡುತ್ತಿರುತ್ತಾನೆ. ಆತನನ್ನು ಒಳಗೆ ಕರೆಯಬೇಕಾದ ಕಾರಣ ರಕ್ತದ ಗುಂಪೊಂದೇ ಅಲ್ಲ. ಸಿಫಿಲಿಸ್ ರೋಗದ ಕ್ರಿಮಿ ಮಾಸನ್ನು ದಾಟಿ ಶಿಶುವನ್ನು ಕೊಲ್ಲಬಲ್ಲದು. ರೋಗ ಎಳೆಯದಾಗಿರುವಾಗ 24 ಲಕ್ಷ ಯೂನಿಟ್ಟಿನ ಒಂದೇ ಪೆನಿಸಿಲಿನ್ ಇಂಜಕ್ಷನ್ನಿಗೆ ಅದು ಅಡಗುತ್ತದೆ. ಆದರೆ ಗಂಡನಿಗೂ ಚಿಕಿತ್ಸೆಯಾಗದಿದ್ದರೆ ಆಕೆಗೆ ರೋಗ ಮತ್ತೆ ಅಂಟೀತು. ಮಾಳಿಗೆ ಸೋರುತ್ತಿರುವಾಗ ನೆಲ ಒರೆಸಿದಂತೆ ಆ ಶ್ರಮವೆಲ್ಲ ವ್ಯರ್ಥ. ಎಚ್‌ಐವಿಯ ವಿಷಯದಲ್ಲಿಯೂ ಹಾಗೆಯೇ: ಮೊದಲ ಪರೀಕ್ಷೆಯಲ್ಲಿ ನಿರ್ದೋಷಿಯೆನಿಸಿದವಳಿಗೆ ಆರನೆಯ ತಿಂಗಳಿನಲ್ಲಿ ಗಂಡನಿಂದ ಸೋಂಕು ತಗಲಿದರೆ, ಹೊಸ ಸೋಂಕಿನಲ್ಲಿ ವೈರಸ್ಸಿನ ಪ್ರಮಾಣ ಅಧಿಕವಾಗಿರುವುದರಿಂದ ಶಿಶುವಿಗೆ ಅಪಾಯವೂ ಅಧಿಕ.

ನಮ್ಮ ಹಿಂದಿನವರು ಗಂಡನನ್ನು ಹೀಗೆ ಗೇಟಿನ ಹೊರಗೆ ಬಿಟ್ಟಿರಲಿಲ್ಲ. ಧರ್ಮಶಾಸ್ತ್ರಗಳು ಗರ್ಭಿಣೀಪತಿಗೆ ನಿಯಮಗಳನ್ನೇ ವಿಧಿಸಿದುವು: ಕ್ಷೌರ ಮಾಡಿಸಿಕೊಳ್ಳಬಾರದು, ಶವ ಹೊರಬಾರದು, ತೀರ್ಥಯಾತ್ರೆ ಹೊರಡಬಾರದು. ಹೆಂಡತಿ ಬಸಿರಾದೊಡನೆ ಗಡ್ಡ ಬಿಡುವ ಗಂಡಸರು ನಮ್ಮಲ್ಲಿ ಈಗಲೂ ಇದ್ದಾರೆ. ಗಡ್ಡದಿಂದ ಕೂಸಿಗೆ ಏನೂ ಆಗದು. ಆದರೆ ದೂರ ಹೋಗಬೇಡ, ಊರಿನಲ್ಲಿರು ಎಂಬ ವಿಧಿಯಲ್ಲಿ ವಿವೇಕವಿತ್ತು. ಹೆರಿಗೆಯಲ್ಲಿ ತಾಯಂದಿರು ಸಾಯುವುದಕ್ಕೆ ಮೂರು ವಿಳಂಬಗಳು ಕಾರಣವೆಂದು ಸೆರೀನ್ ಥ್ಯಾಡಿಯಸ್ ಮತ್ತು ಡೆಬೊರಾ ಮೇನ್ 1994ರಲ್ಲಿ ವಿವರಿಸಿದರು: ಆಸ್ಪತ್ರೆಗೆ ಹೋಗೋಣವೆಂದು ನಿಶ್ಚಯಿಸುವುದರಲ್ಲಿ, ಅಲ್ಲಿಗೆ ಮುಟ್ಟುವುದರಲ್ಲಿ, ಮುಟ್ಟಿದ ಮೇಲೆ ಚಿಕಿತ್ಸೆ ದೊರೆಯುವುದರಲ್ಲಿ. ಮೊದಲ ಎರಡು ವಿಳಂಬಗಳ ಕೀಲಿ ಬಹುಮಟ್ಟಿಗೆ ಗಂಡಸರ ಜೇಬಿನಲ್ಲಿರುತ್ತದೆ. ಮಾಸು ಬಿದ್ದ ಮೇಲೆ ರಕ್ತ ನಿಲ್ಲದೆ ಹೋದರೆ ಉಳಿಯುವ ಕಾಲ ಗಂಟೆಗಳ ಲೆಕ್ಕದ್ದು. ‘ಅವರು ಬರಲಿ, ಅವರನ್ನು ಕೇಳಿಕೊಂಡು ನೋಡೋಣ’ ಎಂಬ ಒಂದು ಮಾತಿಗೆ ಅದರಲ್ಲಿ ಅರ್ಧ ಕಳೆದುಹೋಗುತ್ತದೆ. ಚೊಚ್ಚಲ ಹೆರಿಗೆ ತವರಿನಲ್ಲಿ ಆಗುವ ನಮ್ಮ ಪದ್ಧತಿಯಲ್ಲಂತೂ ಗಂಡ ಬೇರೆ ಜಿಲ್ಲೆಯಲ್ಲಿರುತ್ತಾನೆ. 108ಕ್ಕೆ ಯಾರು ಫೋನು ಮಾಡತಕ್ಕದ್ದು, ಯಾವ ಆಸ್ಪತ್ರೆಗೆ ಒಯ್ಯತಕ್ಕದ್ದು, ರಕ್ತ ಕೊಡುವವರು ಯಾರು ಎಂಬುದನ್ನು ಸೀಮಂತದ ದಿನವೇ ಎರಡು ಮನೆಯವರೂ ಮಾತಾಡಿಕೊಂಡು, ಅನುಮತಿಯ ಮಾತನ್ನು ಬಸಿರಿಯ ಕೈಗೇ ಬಿಟ್ಟಿದ್ದರೆ ಆತನ ಗೈರುಹಾಜರಿ ಅಷ್ಟಾಗಿ ಬಾಧಿಸದು.

ಹಾಗೆಂದು ಗಂಡನನ್ನು ಬಲವಂತದಿಂದ ಎಳೆತರುವ ಉಪಾಯವೂ ಸಲ್ಲ. ಆಫ್ರಿಕದ ಕೆಲವು ದೇಶಗಳಲ್ಲಿ, ಗಂಡನೊಡನೆ ಬಂದ ಗರ್ಭಿಣಿಗೆ ಮೊದಲ ಸರದಿ ಎಂಬ ನಿಯಮ ಬಂದಾಗ, ಗಂಡನಿಲ್ಲದವರೂ ಗಂಡ ಬಾರದವರೂ ಬಾಡಿಗೆ ಬೈಕ್ ಓಡಿಸುವವರಿಗೆ ಕಾಸು ಕೊಟ್ಟು ಅವರನ್ನೇ ಗಂಡಂದಿರೆಂದು ಕರೆತಂದರಂತೆ. ನಗುವಂಥದೇ ಸರಿ, ಆದರೆ ಕಾಸೂ ಇಲ್ಲದವಳು ಸಾಲಿನ ಕೊನೆಗೆ ಹೋದಳಲ್ಲ! ಮನೆಯಲ್ಲಿ ಹೊಡೆತ ತಿನ್ನುವವಳು ಗಂಡನ ಎದುರಿಗೆ ಬಾಯಿ ಬಿಡಲಾರಳೆಂಬುದೂ ಉಂಟು. ಆದುದರಿಂದಲೇ ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಗಂಡಸರ ಸಹಭಾಗಿತ್ವವನ್ನು ಶಿಫಾರಸು ಮಾಡುವಾಗ, ಹೆಂಗಸಿನ ಇಚ್ಛೆಗೂ ಸ್ವಾತಂತ್ರ್ಯಕ್ಕೂ ಧಕ್ಕೆ ತಾರದಂತೆ ಎಂಬ ಷರತ್ತನ್ನು ಸೇರಿಸಿತು. ಭಾರತ ಸರ್ಕಾರವು 2016ರಲ್ಲಿ ಹೆರಿಗೆ ಕೋಣೆಯಲ್ಲಿ ಜೊತೆಗೊಬ್ಬರು ಇರಲೆಂದು ಸೂಚಿಸಿದಾಗ ಅವರು ಹೆಣ್ಣಾಗಿರಬೇಕೆಂದೇ ಹೇಳಿ, ಪ್ರತ್ಯೇಕತೆಯ ಏರ್ಪಾಡು ಇರುವಲ್ಲಿ ಮಾತ್ರ ಗಂಡನಿಗೂ ಅವಕಾಶ ಕೊಟ್ಟಿತು. ಒಂದೇ ಕೋಣೆಯಲ್ಲಿ ಮೂವರು ನೋವು ತಿನ್ನುತ್ತಿರುವಲ್ಲಿ ಇದು ನ್ಯಾಯವೇ. ನಡುವೆ ಪರದೆ ಕಟ್ಟಿದರೆ ನೀಗುವ ನ್ಯಾಯವೂ ಹೌದು.

ಗಂಡಸರ ಪಾಲು ತೀರ ಬರಿದಾಗಿರುವುದು ಹೆರಿಗೆಯ ಆಚೆಗೆ, ಮಕ್ಕಳು ಸಾಕೆಂದು ನಿಶ್ಚಯಿಸಿದ ಮೇಲೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ, ವಿವಾಹಿತ ದಂಪತಿಗಳಲ್ಲಿ ಹೆಂಡತಿ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರು ನೂರಕ್ಕೆ 37.9, ಗಂಡ ಮಾಡಿಸಿಕೊಂಡವರು 0.3. ಗಂಡಸರಿಗೆ ಇದು ಎಂದೂ ಒಗ್ಗದ ವಿಚಾರವಾಗಿತ್ತೆನ್ನುವಂತಿಲ್ಲ: 1971ರ ಜುಲೈ ತಿಂಗಳೊಂದರಲ್ಲಿಯೇ ಕೇರಳದ ಎರ್ನಾಕುಲಂ ಶಿಬಿರದಲ್ಲಿ 60,000ಕ್ಕೂ ಮಿಕ್ಕ ಗಂಡಸರು ವ್ಯಾಸೆಕ್ಟಮಿ ಮಾಡಿಸಿಕೊಂಡಿದ್ದರು. ಆದರೆ ಆಮೇಲೆ ತುರ್ತುಪರಿಸ್ಥಿತಿಯ ಕಾಲದಲ್ಲಿ ಬಲವಂತದಿಂದ ನಡೆದ ಶಸ್ತ್ರಚಿಕಿತ್ಸೆಗಳು ಅವರಲ್ಲಿ ಹುಟ್ಟಿಸಿದ ಭೀತಿ ಇನ್ನೂ ಇಳಿದಿಲ್ಲ.

ಹೆಂಗಸಿಗಾದರೆ ಹೊಟ್ಟೆಯನ್ನು ತೆರೆದೇ ನಾಳಗಳನ್ನು ಕಟ್ಟಬೇಕು. ಗಂಡಸಿನ ವೀರ್ಯನಾಳ ಚರ್ಮದ ಅಡಿಯಲ್ಲಿಯೇ, ಬೆರಳಿಗೆ ಸಿಗುವಂತೆ ಇರುತ್ತದೆ. ಚೀನದ ಲಿ ಶುನ್‌ಚಿಯಾಂಗ್ 1974ರಲ್ಲಿ ರೂಪಿಸಿದ ವಿಧಾನದಲ್ಲಿ ಚಾಕುವೂ ಬೇಡ, ಹೊಲಿಗೆಯೂ ಬೇಡ. ಆ ಜಾಗಕ್ಕೆ ಮರವಳಿಕೆ ಕೊಟ್ಟು, ಚೂಪಾದ ಚಿಮುಟದಿಂದ ಸಣ್ಣ ರಂಧ್ರ ಮಾಡಿ, ಸುಮಾರು ಕಾಲು ಗಂಟೆಯಲ್ಲಿ ಮುಗಿಸುತ್ತಾರೆ. ವೃಷಣಗಳು ರಕ್ತಕ್ಕೆ ನೇರವಾಗಿ ಸೇರಿಸುವ ಹಾರ್ಮೋನು ಈ ನಾಳದಲ್ಲಿ ಹರಿಯುವುದೇ ಇಲ್ಲವಾದುದರಿಂದ ಶಕ್ತಿಯೂ ಪುರುಷತ್ವವೂ ಕುಂದುವ ಮಾತಿಲ್ಲ. ಒಂದು ಎಚ್ಚರ ಮಾತ್ರ ಅವಶ್ಯ: ಕತ್ತರಿಸಿದ ಜಾಗದ ಮುಂದೆ ನಾಳದಲ್ಲಿ ಉಳಿದ ವೀರ್ಯಾಣುಗಳು ಬರಿದಾಗಲು ಸುಮಾರು ಮೂರು ತಿಂಗಳು ಹಿಡಿಯುತ್ತದೆ, ಅಲ್ಲಿಯವರೆಗೆ ಬೇರೆ ಉಪಾಯವನ್ನು ಅನುಸರಿಸಿ, ಆಮೇಲೆ ವೀರ್ಯವನ್ನು ಪರೀಕ್ಷೆಗೆ ಕೊಟ್ಟು, ಅಣುಗಳಿಲ್ಲವೆಂಬ ಚೀಟಿ ಕೈಗೆ ಬಂದ ನಂತರವೇ ಆ ಶಸ್ತ್ರಚಿಕಿತ್ಸೆಯನ್ನು ನೆಚ್ಚಬೇಕು.