ಆಟಿ ದಾಟಿದ ಗುಲಾಬಿ

ಬೆಳ್ತಂಗಡಿ ಪೇಟೆ ದಾಟಿ ಉಜಿರೆಯತ್ತ ಹೊರಟರೆ ಸಿಗುವ ಊರು ಲಾಯಿಲ. ಪಶ್ಚಿಮ ಘಟ್ಟದ ಬುಡ, ವರ್ಷಕ್ಕೆ 4,000 ಮಿ.ಮೀ. ಆಸುಪಾಸಿನ ಮಳೆ. ಅಡಿಕೆಗೆ ಒಗ್ಗಿದ ಈ ಸೀಮೆಯಲ್ಲಿ ಗುಲಾಬಿ ಸಸಿ ಮಾಡುವುದೆಂದರೆ ಹಟದ ಕೆಲಸವೇ ಸರಿ. ಬುಡದಲ್ಲಿ ನೀರು ನಿಂತರೆ ಗುಲಾಬಿಯ ಬೇರು ಕೊಳೆಯುತ್ತದೆ. ಎಲೆ ಏಳೆಂಟು ತಾಸು ಒದ್ದೆಯಾಗಿಯೇ ಇದ್ದರೆ ಕಪ್ಪುಚುಕ್ಕೆ ರೋಗದ ಶಿಲೀಂಧ್ರ ಮೊಳೆಯುತ್ತದೆ. ಜುಲೈ–ಆಗಸ್ಟಿನಲ್ಲಿ ಬರುವ ತುಳುವರ ಆಟಿ ತಿಂಗಳಲ್ಲಿ ಇಲ್ಲಿನ ಎಲೆಗಳು ದಿನಗಟ್ಟಲೆ ಒಣಗುವುದಿಲ್ಲ.

ನನ್ನನ್ನು ಈ ಕಸುಬಿನ ಕಡೆಗೆ ಎಳೆದದ್ದು ಕಣ್ಣು ಕಸಿ. ಡಿಸೆಂಬರಿನಿಂದ ಫೆಬ್ರವರಿವರೆಗೆ, ಬೆಳಗಿನ ತಂಪು ಇರುವಾಗ ಅದರ ಕಾಲ. ಪನ್ನೀರು ಗುಲಾಬಿಯಂಥ ಗಟ್ಟಿ ಜಾತಿಯ ಕಡ್ಡಿ ನೆಟ್ಟು ಬೇರು ಬರಿಸಿರುತ್ತಾರೆ. ಅದು ಪೆನ್ಸಿಲಿನಷ್ಟು ದಪ್ಪವಾದಾಗ ನೆಲದಿಂದ ತುಸು ಮೇಲೆ ಸಿಪ್ಪೆಯನ್ನಷ್ಟೇ ಇಂಗ್ಲಿಷಿನ ‘ಟಿ’ ಅಕ್ಷರದಂತೆ ಸೀಳಿ, ಚಾಕುವಿನ ಹಿಂತುದಿಯಿಂದ ಮೆಲ್ಲಗೆ ಬಿಡಿಸುತ್ತಾರೆ. ಬೇಕಾದ ಜಾತಿಯ ಕಡ್ಡಿಯಿಂದ, ಎಲೆಯ ಕಂಕುಳಲ್ಲಿರುವ ಉಬ್ಬಿದ ಕಣ್ಣೊಂದನ್ನು ಸಿಪ್ಪೆ ಸಮೇತ ತೆಗೆದು ಆ ಸೀಳಿನೊಳಗೆ ಜಾರಿಸುತ್ತಾರೆ. ಕಣ್ಣು ತಲೆಕೆಳಗಾಗಬಾರದು, ರಸ ಆರಬಾರದು, ಬೆರಳಿನ ಬೆವರು ತಾಗಬಾರದು. ಕಣ್ಣನ್ನು ಮಾತ್ರ ಹೊರಗೆ ಬಿಟ್ಟು ಪ್ಲಾಸ್ಟಿಕ್ ಪಟ್ಟಿ ಸುತ್ತಿದರೆ ಆಯಿತು. ಬಾಳೆನಾರಿನಲ್ಲಿ ಕಟ್ಟುವ ಹಳೆಯ ಕ್ರಮವೂ ಉಂಟು. ಮೂರು ವಾರದ ಹೊತ್ತಿಗೆ ಕಣ್ಣು ಹಸಿರಾಗಿಯೇ ಇದ್ದರೆ ಕಸಿ ಹಿಡಿದಂತೆ, ಕಪ್ಪಾದರೆ ಹೋದಂತೆ. ಹಿಡಿದ ಗಿಡದ ಮೇಲ್ಭಾಗವನ್ನು ಆಮೇಲೆ ಕತ್ತರಿಸುತ್ತಾರೆ. ಇಷ್ಟು ಸೂಕ್ಷ್ಮವಾದ ಕೆಲಸಕ್ಕೆ ನಾವು ಕೊಡುವ ಬೆಲೆ ತೀರಾ ಕಡಿಮೆ.

ಉಳಿದದ್ದೆಲ್ಲ ತೋಟ, ಹಟ್ಟಿಗಳಿಂದ ಬರುವಂಥದ್ದು. ಸುಡುಮಣ್ಣು, ಹಟ್ಟಿಗೊಬ್ಬರ, ನೀರು ಬಸಿಯಲು ಮರಳು. ಬೇಸಗೆಗೆ ತೆಂಗಿನ ಮಡಲಿನ ಚಪ್ಪರ, ಬುಡಕ್ಕೆ ತರಗೆಲೆ. ನೆನೆಸಿ ಹುಳಿ ಬರಿಸಿದ ಕಡಲೆಹಿಂಡಿಯ ತಿಳಿ ಹದಿನೈದು ದಿನಕ್ಕೊಮ್ಮೆ ಸಾಕು. ಮೇ ಕೊನೆಯ ಪತ್ತನಾಜೆ ಕಳೆದು ಮಳೆ ಹಿಡಿಯುವ ಮೊದಲು ಗಿಡದ ಚಟ್ಟಿಗಳನ್ನು ಕಲ್ಲಿನ ಮೇಲೆ ಎತ್ತಿಟ್ಟು ತರಗೆಲೆ ಸರಿಸಬೇಕು. ಸವರಿದ ಕೊಂಬೆಯ ಗಾಯಕ್ಕೆ ಮೈಲುತುತ್ತು, ಸುಣ್ಣದ ಬೋರ್ಡೋ ಮುಲಾಮು ಹಚ್ಚುತ್ತಾರೆ. ಅಡಿಕೆಯ ಕೊಳೆರೋಗಕ್ಕೆ ಇದೇ ಬೋರ್ಡೋ ದ್ರಾವಣವನ್ನು ಮೈಸೂರು ಸಂಸ್ಥಾನದಲ್ಲಿ ರೂಢಿಗೆ ತಂದವರು ವಿಜ್ಞಾನಿ ಲೆಸ್ಲಿ ಕೋಲ್ಮನ್, 1910ರ ಸುಮಾರಿಗೆ. ನೂರು ವರ್ಷ ಕಳೆದರೂ ಮಳೆನಾಡಿನ ಕೃಷಿಕ ಅದನ್ನು ಬಿಟ್ಟಿಲ್ಲ.

ಆಟಿ ಕಳೆದು ಸೋಣ ತಿಂಗಳು ಬಂತೆಂದರೆ ಹೂವಿಗೆ ಎಲ್ಲಿಲ್ಲದ ಬೇಡಿಕೆ. ಹೊಸ್ತಿಲು ಪೂಜೆ, ಚೌತಿ. ಸೆಪ್ಟೆಂಬರ್ 8ರ ಮೊಂತಿ ಹಬ್ಬಕ್ಕೆ ಕ್ರೈಸ್ತರ ಮನೆಯ ಮಕ್ಕಳು ಒಂಬತ್ತು ದಿನ ಮೊದಲೇ ಬುಟ್ಟಿಯಲ್ಲಿ ಹೂವು ತುಂಬಿಕೊಂಡು ಇಗರ್ಜಿಗೆ ಹೊರಡುತ್ತಾರೆ. ಆದರೆ ಗುಲಾಬಿಗೆ ಅದು ಸೊರಗಿದ ಕಾಲ. ಮಳೆ ಬಿಟ್ಟ ಮೇಲೆ ಸವರಿದರೆ ಆರೇಳು ವಾರಕ್ಕೆ ಹೂವು. ದೀಪಾವಳಿಯ ಹೊತ್ತಿಗೆ ಕತ್ತರಿ ಆಡಿಸಿದರೆ ಕ್ರಿಸ್ಮಸ್ಸಿಗೆ ಅಂಗಳ ತುಂಬುತ್ತದೆ.

ಊರಲ್ಲೇ ಕಸಿ ಕಟ್ಟಿದ ಇಂಥ ಗಿಡಕ್ಕೆ ಎದುರಾಗಿ ನಿಂತಿರುವುದು ಆಂಧ್ರದ ಕಡಿಯಂ, ಹೊಸೂರು, ಬೆಂಗಳೂರಿನ ಕಡೆಯಿಂದ ಲಾರಿಯಲ್ಲಿ ಬರುವ ಸಸಿ. ಮೈತುಂಬ ಮೊಗ್ಗು, ಬೆಲೆಯೂ ಅಗ್ಗ. ಒಣಹವೆಯಲ್ಲಿ ಬೆಳೆದು, ಜಿಗುಟು ಮಣ್ಣಿನ ಮುದ್ದೆಯಲ್ಲಿ ಬೇರು ಹುದುಗಿಸಿಕೊಂಡು ಬಂದ ಗಿಡಕ್ಕೆ ನಮ್ಮ ಮೊದಲ ಮಳೆಗಾಲವೇ ಕಂಟಕ. ಊರಲ್ಲೇ ಕಸಿ ಕಟ್ಟುವವರು ವರ್ಷವಿಡೀ ದುಡಿದು ಅದೇ ಬೆಲೆಗೆ ಮಾರಬೇಕೆಂದರೆ ಅವರ ಮಕ್ಕಳು ಈ ಚಾಕು ಹಿಡಿದಾರೇ?

ಮುಂದಿನ ಸಲ ಗುಲಾಬಿ ಕೊಳ್ಳುವಾಗ ಮೊಗ್ಗು ಎಣಿಸಬೇಡಿ. ಈ ಗಿಡ ಇಲ್ಲಿ ಒಂದು ಆಟಿ ಕಳೆದಿದೆಯೇ ಎಂದು ಕೇಳಿ. ಹೌದೆಂದರೆ ಹತ್ತಿಪ್ಪತ್ತು ರೂಪಾಯಿ ಹೆಚ್ಚಾದರೂ ಚೌಕಾಸಿ ಮಾಡದೆ ಕೊಟ್ಟು ತನ್ನಿ. ನೆಡುವಾಗ ಕಸಿಯ ಗಂಟು ಮಣ್ಣಿನ ಮೇಲಿರಲಿ. ಅದರ ಕೆಳಗಿಂದ ಬರುವ ಚಿಗುರನ್ನು ಕಂಡ ದಿನವೇ ಕಿತ್ತುಹಾಕಿ.