ಮಾಡದೆ ಉಳಿದ ಆರೈಕೆ

ಆಸ್ಪತ್ರೆಯಲ್ಲಿ ತಪ್ಪು ಮದ್ದು ಕೊಟ್ಟರೆ ಸುದ್ದಿಯಾಗುತ್ತದೆ. ಕೊಡಬೇಕಾದ ಆರೈಕೆಯನ್ನು ಕೊಡದೆ ಬಿಟ್ಟರೆ ಅದು ಹೆಚ್ಚಾಗಿ ಯಾರ ಕಣ್ಣಿಗೂ ಬೀಳುವುದಿಲ್ಲ. ಮಲಗಿದವರ ಮಗ್ಗುಲು ಬದಲಿಸುವುದು, ಮೈ ಒರೆಸುವುದು, ಹೊತ್ತಿಗೆ ಸರಿಯಾಗಿ ಉಣಿಸುವುದು, ನಾಲ್ಕು ಹೆಜ್ಜೆ ನಡೆಸುವುದು, ಹತ್ತಿರ ನಿಂತು ಧೈರ್ಯ ಹೇಳುವುದು - ಇವೆಲ್ಲ ಸಣ್ಣ ಕೆಲಸಗಳೆಂದು ನಮಗೆ ತೋರುತ್ತದೆ.

ಅಮೆರಿಕದ ಮಿಶಿಗನ್ ವಿಶ್ವವಿದ್ಯಾನಿಲಯದ ಪ್ರಾಧ್ಯಾಪಿಕೆ ಬಿಯಾಟ್ರಿಸ್ ಕಾಲಿಶ್ ಅವರು ದಾದಿಯರನ್ನೇ ಕೇಳಿ 2006ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಪದೇ ಪದೇ ಬಿಟ್ಟುಹೋಗುವುದು ಇಂಥ ಕೆಲಸಗಳೇ ಎಂದು ಅದರಿಂದ ತಿಳಿಯಿತು. ಜನ ಸಾಲದು, ಸಮಯ ಸಾಲದು, 'ಇದು ನನ್ನ ಕೆಲಸವಲ್ಲ' ಎಂಬ ಭಾವನೆ, ಒಮ್ಮೆ ಬಿಟ್ಟದ್ದು ರೂಢಿಯಾಗುವುದು - ಇವು ದಾದಿಯರು ಹೇಳಿದ ಕಾರಣಗಳು. ಯುರೋಪಿನ 9 ದೇಶಗಳ ಆಸ್ಪತ್ರೆಗಳ ಕುರಿತು 2014ರಲ್ಲಿ ಪ್ರಕಟವಾದ ಅಧ್ಯಯನವೊಂದು ಇನ್ನೊಂದು ಎಚ್ಚರಿಕೆ ಕೊಟ್ಟಿತು. ಒಬ್ಬ ದಾದಿಯ ಪಾಲಿಗೆ ಒಬ್ಬ ರೋಗಿ ಹೆಚ್ಚಾದರೆ, ಶಸ್ತ್ರಚಿಕಿತ್ಸೆಯಾದವರು 30 ದಿನಗಳೊಳಗೆ ಸಾಯುವ ಸಂಭವ ಶೇಕಡಾ 7ರಷ್ಟು ಏರುತ್ತದೆ.

ಬೈಸ್ಟ್ಯಾಂಡರ್ ಇಲ್ಲದ ವಾರ್ಡು

ನಮ್ಮಲ್ಲಿ ಈ ಕೊರತೆ ಸುಲಭವಾಗಿ ಕಾಣುವುದಿಲ್ಲ. ಏಕೆಂದರೆ ಅದನ್ನು ಮನೆಯವರು ತುಂಬುತ್ತಾರೆ. ಗಂಜಿ ಕುಡಿಸುವುದು, ಬಟ್ಟೆ ಬದಲಿಸುವುದು, ರಾತ್ರಿ ಎದ್ದು ನೋಡುವುದು ಎಲ್ಲವೂ ಹೆಂಡತಿಯದು, ಮಗಳದು, ತಮ್ಮನದು. 2020ರಲ್ಲಿ ಕೋವಿಡ್ ಬಂದಾಗ ಬೈಸ್ಟ್ಯಾಂಡರ್‌ಗಳನ್ನು ಹೊರಗಿರಿಸಲಾಯಿತು. ಅವರು ಮಾಡುತ್ತಿದ್ದ ಕೆಲಸವೂ ದಾದಿಯರ ಮೇಲೆ ಬಿತ್ತು. ದಾದಿಯರಾದರೋ ಪಿಪಿಇ ತೊಟ್ಟು ಗಂಟೆಗಟ್ಟಲೆ ನೀರು ಕುಡಿಯದೆ ದುಡಿಯುತ್ತಿದ್ದರು. ಅವರಲ್ಲೇ ಕೆಲವರು ಸೋಂಕು ತಗಲಿ ಅಥವಾ ಕ್ವಾರಂಟೈನಿನಲ್ಲಿ ದೂರ ಉಳಿಯಬೇಕಾಗಿತ್ತು.

ಇದರ ಪರಿಣಾಮ ತಿರುವನಂತಪುರ ಮೆಡಿಕಲ್ ಕಾಲೇಜಿನಲ್ಲಿ ಕಂಡಿತು. ಬಿದ್ದು ಪೆಟ್ಟಾಗಿ ದಾಖಲಾಗಿದ್ದ ಒಬ್ಬರಿಗೆ ಅಲ್ಲಿಯೇ ಕೋವಿಡ್ ಪತ್ತೆಯಾಯಿತು, ಮನೆಯವರು ಹೊರನಡೆಯಬೇಕಾಯಿತು. 2020ರ ಸೆಪ್ಟೆಂಬರ್ ಕೊನೆಯಲ್ಲಿ ಅವರು ಮನೆಗೆ ಮರಳಿದಾಗ ಮೈಮೇಲಿನ ಹುಣ್ಣುಗಳಲ್ಲಿ ಹುಳಗಳಿದ್ದವು. ಸರಕಾರ ಒಬ್ಬ ವೈದ್ಯೆಯನ್ನೂ ಇಬ್ಬರು ಹೆಡ್ ನರ್ಸ್‌ಗಳನ್ನೂ ಅಮಾನತು ಮಾಡಿತು. ಸಿಬ್ಬಂದಿ ಕೊರತೆಯ ಹೊಣೆಯನ್ನು ನಮ್ಮ ತಲೆಗೆ ಕಟ್ಟಬೇಡಿ ಎಂದು ವೈದ್ಯರೂ ದಾದಿಯರೂ ಪ್ರತಿಭಟಿಸಿದರು. ಬಳಿಕ ಅಮಾನತು ರದ್ದಾಯಿತು.

ಬಂಧುಗಳೇ, ಇಲ್ಲಿ ಎರಡೂ ಮಾತು ನಿಜ. ಆ ಮನೆಯವರ ನೋವಿಗೆ ಯಾವ ನೆಪವೂ ಉತ್ತರವಾಗದು. ಹಾಗೆಯೇ, ವಾರ್ಡಿನಲ್ಲಿ ಸಾಕಷ್ಟು ಜನರನ್ನು ನೇಮಿಸದೆ ಇದ್ದ ಒಬ್ಬಿಬ್ಬರನ್ನು ಶಿಕ್ಷಿಸಿದರೆ ಮುಂದಿನ ರೋಗಿಯ ಮಗ್ಗುಲು ಬದಲಾಗುವುದಿಲ್ಲ. ನಮ್ಮ ಎಷ್ಟೋ ಮನೆಗಳ ಹೆಣ್ಣುಮಕ್ಕಳು ಇದೇ ವೃತ್ತಿಯಲ್ಲಿದ್ದಾರೆ. 2018ರಲ್ಲಿ ಪೇರಾಂಬ್ರ ತಾಲೂಕು ಆಸ್ಪತ್ರೆಯ ದಾದಿ ಲಿನಿ ಅವರು ನಿಪಾ ರೋಗಿಯ ಆರೈಕೆ ಮಾಡಿ ತಾವೇ ಪ್ರಾಣ ತೆತ್ತರು. ಅಂಥವರನ್ನು ಹೊಗಳಿದರಷ್ಟೇ ಸಾಲದು, ಅವರ ಹೊರೆಯನ್ನು ಇಳಿಸಬೇಕು.

ನಾವೇನು ಮಾಡಬಹುದು?

ನಮ್ಮವರು ಆಸ್ಪತ್ರೆಯಲ್ಲಿದ್ದಾಗ 'ಸಿಸ್ಟರ್, ಇವತ್ತು ಮಗ್ಗುಲು ಬದಲಿಸಿ ಆಯಿತಾ?' ಎಂದು ವಿನಯದಿಂದ ಕೇಳೋಣ. ಹಿಮ್ಮಡಿ, ಸೊಂಟದ ಕೆಳಭಾಗ ಕೆಂಪಾಗಿದೆಯೇ ನೋಡೋಣ. ಹಾಸಿಗೆ ಹುಣ್ಣು ಅಲ್ಲಿಂದಲೇ ತೊಡಗುತ್ತದೆ. ಮನೆಯವರಿಲ್ಲದ ಪಕ್ಕದ ಹಾಸಿಗೆಯವರಿಗೂ ಒಂದು ಲೋಟ ನೀರು ಬೇಕೇ ಎಂದು ವಿಚಾರಿಸೋಣ. ಹೊಸ ಕಟ್ಟಡದ ಉದ್ಘಾಟನೆಗೆ ಬರುವ ಜನಪ್ರತಿನಿಧಿಗಳಲ್ಲಿ, ಈ ಹಾಸಿಗೆಗಳಿಗೆ ದಾದಿಯರೆಷ್ಟು ಎಂದು ಕೇಳುವುದನ್ನೂ ಮರೆಯದಿರೋಣ.