ಮಾತಾಡದ ಹುಡುಗಿಗೆ ಮುಖ ಬರೆದವರು

ಮಾದೊತ್ಸುಕಿ ಎಂಬ ಹುಡುಗಿ ತನ್ನ ಕೋಣೆ ಬಿಟ್ಟು ಹೊರಗೆ ಬರುವುದಿಲ್ಲ. ಅಲ್ಲಿರುವುದು ಒಂದು ಮಂಚ, ಒಂದು ಮೇಜು, ಟಿ.ವಿ., ಹಳೆಯದೊಂದು ಗೇಮ್ ಯಂತ್ರ, ಆಚೆಗೊಂದು ಬಾಲ್ಕನಿ. ಆಡುವವರು ಅವಳನ್ನು ಬಾಗಿಲ ಬಳಿ ನಡೆಸಿದರೆ ತಲೆಯಾಡಿಸಿ ಒಲ್ಲೆ ಎನ್ನುತ್ತಾಳೆ. ಇನ್ನುಳಿದಿರುವುದು ಮಂಚ ಹತ್ತಿ ಮಲಗುವುದು. ನಿದ್ದೆ ಹತ್ತಿದರೆ ಕನಸು. ಕನಸಿನಲ್ಲಿ ಅದೇ ಬಾಗಿಲು ಸಲೀಸಾಗಿ ತೆರೆಯುತ್ತದೆ. ಅದರಾಚೆಯ ಕತ್ತಲಲ್ಲಿ ಹನ್ನೆರಡು ಬಾಗಿಲುಗಳು ಸುತ್ತುವರಿದು ನಿಂತಿವೆ. ಒಂದೊಂದರ ಹಿಂದೆಯೂ ಒಂದೊಂದು ಲೋಕ.

‘ಯುಮೆ ನಿಕ್ಕಿ’ ಎಂಬ ಈ ಜಪಾನಿ ವಿಡಿಯೊ ಗೇಮ್ ಮೊದಲು ಹೊರಬಂದದ್ದು 2004ರ ಜೂನ್‌ನಲ್ಲಿ. ಹೆಸರಿನ ಅರ್ಥ ಕನಸಿನ ದಿನಚರಿ. ಮಾಡಿದ್ದು ಒಬ್ಬರೇ, ಕಿಕಿಯಾಮಾ ಎಂಬ ಅಂಕಿತದ ಹಿಂದೆ ಇರುವುದು ಯಾರೆಂದು ಇಂದಿಗೂ ಬಹಿರಂಗವಾಗಿಲ್ಲ. ಆಟಕ್ಕೆ ಬೆಲೆ ಇರಲಿಲ್ಲ, ಅಂಗಡಿಯಲ್ಲಿ ಡಬ್ಬಿ ಇರಲಿಲ್ಲ, ಹಿಂದೆ ದೊಡ್ಡ ಕಂಪನಿಯೂ ಇರಲಿಲ್ಲ. ಅಂಥದ್ದು ಮರೆಯಾಗಿ ಹೋಗುವುದೇ ವಾಡಿಕೆ. ಇದು ಮರೆಯಾಗಲಿಲ್ಲ. ಆಡಿದವರು ಸುಮ್ಮನಿರದೆ ಪೆನ್ಸಿಲ್ ಹಿಡಿದರು. ತಾವು ಕಂಡದ್ದನ್ನು, ಕಾಣಬಯಸಿದ್ದನ್ನು ಬರೆದು ಒಬ್ಬರಿಗೊಬ್ಬರು ತೋರಿಸಿದರು. ಆ ಸಾವಿರಾರು ಚಿತ್ರಗಳಿಂದಾಗಿಯೇ ಈ ಆಟ ಇನ್ನೂ ಬದುಕಿದೆ ಎಂಬುದು ನನ್ನ ದೃಢ ನಂಬಿಕೆ.

ಅಂಚೆಯಲ್ಲಿ ಬರುತ್ತಿದ್ದ ಚಿತ್ರಗಳು

ಮೆಚ್ಚಿದ ಕಥೆಯ ಪಾತ್ರವನ್ನು ಓದುಗರೇ ಬರೆದು ಹಂಚಿಕೊಳ್ಳುವ ರೂಢಿ ಜಪಾನಿನಲ್ಲಿ ವಿಡಿಯೊ ಗೇಮ್ ಮನೆಮಾತಾಗುವ ಮೊದಲೇ ಬೇರೂರಿತ್ತು. 1975ರ ಡಿಸೆಂಬರ್‌ನಲ್ಲಿ ಟೋಕಿಯೊದಲ್ಲಿ ‘ಕಾಮಿಕೆಟ್’ ಎಂಬ ಸಂತೆ ಮೊದಲ ಸಲ ಸೇರಿತು. ತಾವೇ ಬರೆದು, ತಾವೇ ಅಚ್ಚು ಹಾಕಿಸಿದ ಪುಸ್ತಿಕೆಗಳನ್ನು ಹವ್ಯಾಸಿಗಳು ಅಲ್ಲಿ ಮಾರಿದರು. ಅಂದು ಬಂದದ್ದು 32 ತಂಡಗಳು, 700ರಷ್ಟು ಜನ. ಇಂದು ಅದು ಲಕ್ಷಗಟ್ಟಲೆ ಜನ ಸೇರುವ ಜಾತ್ರೆ.

1980ರಲ್ಲಿ ಶುರುವಾದ ‘ಫ್ಯಾನ್‌ರೋಡ್’ ಪತ್ರಿಕೆ ಇನ್ನೊಂದು ಹೆಜ್ಜೆ ಮುಂದಿಟ್ಟಿತು. ಅದರ ಪುಟಗಳನ್ನು ಬಹುಪಾಲು ತುಂಬಿಸುತ್ತಿದ್ದುದು ಓದುಗರ ಬರಹ ಮತ್ತು ಚಿತ್ರಗಳೇ. ಜಪಾನಿನ ಪತ್ರಿಕೆಗಳಿಗೆ ಇವು ಬರುತ್ತಿದ್ದುದು ಅಂಚೆ ಕಾರ್ಡಿನ ಮೇಲೆ. ಅಂಗೈಯಗಲದ ಆ ಜಾಗದಲ್ಲಿ, ಅಚ್ಚಿನಲ್ಲಿ ಚೆನ್ನಾಗಿ ಮೂಡಲೆಂದು ಕಪ್ಪು ಶಾಯಿಯಲ್ಲಿ, ಒಂದು ಮುಖ, ಒಂದು ಮಾತು, ಕೆಳಗೊಂದು ಕಾವ್ಯನಾಮ. ಮತ್ತೆ ಮತ್ತೆ ಆಯ್ಕೆಯಾಗುವವರನ್ನು ‘ಕಾರ್ಡು ಕುಶಲಿಗರು’ ಎಂಬರ್ಥದ ಹೆಸರಿನಿಂದ ಗೌರವದಿಂದಲೇ ಕರೆಯುತ್ತಿದ್ದರು.

ಅಮೆರಿಕದಲ್ಲಿ ಈ ಕೆಲಸ ಲಕೋಟೆಯ ಮೇಲೆ ನಡೆಯಿತು. 1988ರ ಬೇಸಿಗೆಯಲ್ಲಿ ಆರಂಭವಾದ ‘ನಿಂಟೆಂಡೊ ಪವರ್’ ಪತ್ರಿಕೆಗೆ ಪತ್ರ ಬರೆಯುತ್ತಿದ್ದ ಮಕ್ಕಳು ಲಕೋಟೆಯ ಹೊರಮೈಯನ್ನೆಲ್ಲ ಮಾರಿಯೊ, ಲಿಂಕ್ ಮುಂತಾದ ಆಟದ ಪಾತ್ರಗಳ ಚಿತ್ರಗಳಿಂದ ತುಂಬಿಬಿಡುತ್ತಿದ್ದರು. ಪತ್ರಿಕೆ ಆ ಲಕೋಟೆಗಳನ್ನೇ ಓದುಗರ ವಿಭಾಗದಲ್ಲಿ ಅಚ್ಚು ಹಾಕಿತು.

ಜಪಾನಿನ ಕ್ಯಾಪ್‌ಕಾಮ್ ಸಂಸ್ಥೆ ಆಡುವವರ ಚಿತ್ರವನ್ನು ಆಟದೊಳಕ್ಕೇ ಬಿಟ್ಟುಕೊಂಡಿತು. 1988ರ ‘ರಾಕ್‌ಮ್ಯಾನ್ 2’ ಆಟದ ಎದುರಾಳಿ ರೋಬಾಟ್‌ಗಳ ಕಲ್ಪನೆಯನ್ನು ಅದು ಮಕ್ಕಳಿಂದಲೇ ಆಹ್ವಾನಿಸಿದಾಗ 8 ಸಾವಿರಕ್ಕೂ ಹೆಚ್ಚು ಚಿತ್ರಗಳು ಬಂದವು. ಮುಂದಿನ ಆಟಗಳಲ್ಲೂ ಈ ಸ್ಪರ್ಧೆ ಮುಂದುವರಿಯಿತು. ಯೂಸುಕೆ ಮುರಾಟಾ ಎಂಬ ಹುಡುಗ ಕಳಿಸಿದ ರೋಬಾಟ್ ನಾಲ್ಕನೆಯ ಆಟದಲ್ಲಿ ಆಯ್ಕೆಯಾಯಿತು, ಐದನೆಯದರಲ್ಲಿ ಅವನದೇ ಇನ್ನೊಂದು. ಆ ಹುಡುಗ ಮುಂದೆ ‘ಐಶೀಲ್ಡ್ 21’, ‘ಒನ್ ಪಂಚ್ ಮ್ಯಾನ್’ ಸರಣಿಗಳಿಂದ ಜಗತ್ತಿಗೇ ಪರಿಚಿತನಾದ ಮಂಗಾ (ಜಪಾನಿ ಚಿತ್ರಕಥೆ) ಚಿತ್ರಕಾರ. ‘ನೀನು ಬರೆದದ್ದು ನಮಗೆ ತಲುಪಿದೆ’ ಎಂದು ಒಂದು ಮಗುವಿಗೆ ತಿಳಿಸುವುದರ ಬೆಲೆ ಎಷ್ಟು ದೊಡ್ಡದೆಂದು ಇದರಿಂದ ತಿಳಿಯುತ್ತದೆ.

ಆದರೆ ಮಾರಿಯೊ ಆಗಲಿ ರಾಕ್‌ಮ್ಯಾನ್ ಆಗಲಿ ಮನೆಮನೆಯ ಹೆಸರು. ಮಕ್ಕಳು ಬರೆಯುವ ಮೊದಲೇ ಅವರ ಮುಖ, ಮೈಬಣ್ಣ, ನಗು ಎಲ್ಲ ನಿಶ್ಚಯವಾಗಿತ್ತು. ಹೆಚ್ಚಿನ ಜನ ಕೇಳಿಯೇ ಇರದ, ತನ್ನ ಬಗ್ಗೆ ತಾನೇ ಏನೂ ಹೇಳಿಕೊಳ್ಳದ ಆಟಕ್ಕೆ ಚಿತ್ರ ಬರೆಯುವುದು ಬೇರೆಯೇ ಕೆಲಸ.

ಏಳುನೂರ ಅರವತ್ತೆಂಟು ಚುಕ್ಕಿಗಳು

ಯುಮೆ ನಿಕ್ಕಿ ತಯಾರಾದದ್ದು ‘ಆರ್‌ಪಿಜಿ ಮೇಕರ್ 2003’ ಎಂಬ ತಂತ್ರಾಂಶದಲ್ಲಿ. ಪ್ರೋಗ್ರಾಮಿಂಗ್ ಕಲಿಯದವರೂ ಮನೆಯ ಕಂಪ್ಯೂಟರಿನಲ್ಲಿ ಆಟ ಕಟ್ಟಲು ಅನುವು ಮಾಡಿಕೊಟ್ಟ ಸಲಕರಣೆ ಅದು. ಅದರ ಪರದೆಯ ಅಳತೆ ಅಡ್ಡಕ್ಕೆ 320 ಚುಕ್ಕಿ, ಉದ್ದಕ್ಕೆ 240 ಚುಕ್ಕಿ ಮಾತ್ರ. ಒಂದು ಪಾತ್ರಕ್ಕೆ ಸಿಗುವ ಚೌಕ 24ಕ್ಕೆ 32. ಅಡಿಯಿಂದ ಮುಡಿಯವರೆಗೆ ಮಾದೊತ್ಸುಕಿ ಆ 768 ಚುಕ್ಕಿಗಳಲ್ಲೇ ಅಡಗಬೇಕು.

ಅಷ್ಟರಲ್ಲಿ ಕಾಣುವುದೆಷ್ಟು? ಎರಡು ಜಡೆ, ಗುಲಾಬಿ ಬಣ್ಣದ ಸ್ವೆಟರು, ಎದೆಯ ಮೇಲೊಂದು ಕಪ್ಪುಬಿಳುಪಿನ ಚೌಕಳಿ, ಗಾಢ ಕೆಂಪಿನ ಲಂಗ, ಮುಚ್ಚಿದಂತಿರುವ ಕಣ್ಣು. ಅವಳು ದುಃಖದಲ್ಲಿದ್ದಾಳೋ, ನಿದ್ದೆಗಣ್ಣಿನಲ್ಲಿದ್ದಾಳೋ, ನಮ್ಮನ್ನು ನೋಡಲು ಒಲ್ಲದೆ ಕಣ್ಣು ಮುಚ್ಚಿದ್ದಾಳೋ ತಿಳಿಯುವುದಿಲ್ಲ. ಮಾತಂತೂ ಇಲ್ಲವೆನ್ನುವಷ್ಟು ಕಡಿಮೆ. ಕನಸಿನಲ್ಲಿ ಎದುರಾಗುವ ಯಾರೂ ಕಥೆ ಹೇಳುವುದಿಲ್ಲ, ದಾರಿ ತೋರುವುದಿಲ್ಲ. ಹಿಮದ ಲೋಕ, ನಿಯಾನ್ ಬೆಳಕಿನ ಲೋಕ, ಅಂಕಿಗಳ ಲೋಕ, ಕಣ್ಣುಗುಡ್ಡೆಗಳ ಲೋಕ – ಎಲ್ಲ ಕಡೆಯೂ ಅಲೆದಾಟ, ಮತ್ತೆ ಮತ್ತೆ ಮರುಕಳಿಸುವ ಸಂಗೀತದ ತುಣುಕು. ಅಲ್ಲಲ್ಲಿ ಒಂದೊಂದು ಹೊಸ ರೂಪ ಕೈಗೆ ಸಿಗುತ್ತದೆ: ಕೊಡೆ, ಸೈಕಲ್ಲು, ಕೊಳಲು, ಚಾಕು, ಕಪ್ಪೆ, ಬೆಕ್ಕು. ಒಟ್ಟು 24. ಸಾಕೆನಿಸಿದಾಗ ಹುಡುಗಿ ತನ್ನ ಕೆನ್ನೆ ಚಿವುಟಿಕೊಂಡು ಎಚ್ಚರಗೊಳ್ಳುತ್ತಾಳೆ.

ಚಿತ್ರಕಾರರ ಕೆಲಸ ಇಲ್ಲಿಂದಲೇ ಶುರು. ಈ 768 ಚುಕ್ಕಿಗಳನ್ನು ಕಾಗದಕ್ಕೆ ತರಬೇಕಾದರೆ ಆಟ ಹೇಳದೇ ಬಿಟ್ಟ ನೂರು ಸಂಗತಿಗಳನ್ನು ಬರೆಯುವವರೇ ತೀರ್ಮಾನಿಸಬೇಕು. ವಯಸ್ಸು ಎಂಟೇ, ಹದಿನೆಂಟೇ? ಕಣ್ಣು ತೆರೆದರೆ ಯಾವ ಬಣ್ಣ? ಜಡೆ ಬಿಗಿಯಾಗಿದೆಯೇ, ದಿನಗಟ್ಟಲೆ ಬಾಚದೆ ಸಡಿಲವಾಗಿದೆಯೇ? ಎದೆಯ ಚೌಕಳಿಯನ್ನು ಕೆಲವರು ಸ್ವೆಟರಿನ ವಿನ್ಯಾಸವಾಗಿ ಬರೆದರು, ಕೆಲವರು ನಿಜವಾದ ಕಿಟಕಿಯನ್ನೇ ತೆರೆದು ಅದರಾಚೆ ಆಕಾಶವನ್ನು ಬರೆದರು. ಇಬ್ಬರಲ್ಲಿ ಯಾರನ್ನೂ ತಪ್ಪೆನ್ನುವಂತಿಲ್ಲ. ಒಂದೊಂದು ಚಿತ್ರವೂ ಆಟದ ಒಂದೊಂದು ವ್ಯಾಖ್ಯಾನ.

‘ಚಂದಮಾಮ’ದ ಫೋಟೊ ಶೀರ್ಷಿಕೆ ಸ್ಪರ್ಧೆ ನೆನಪಿರುವವರಿಗೆ ಇದರ ಸುಖ ಬೇಗ ತಿಳಿದೀತು. ಅಲ್ಲಿ ಎರಡು ಚಿತ್ರ ಕೊಟ್ಟು ಮಾತನ್ನು ಓದುಗರಿಗೆ ಬಿಡುತ್ತಿದ್ದರು; ಬಿಟ್ಟ ಜಾಗ ಇದ್ದುದರಿಂದಲೇ ನಾಡಿನ ಮೂಲೆ ಮೂಲೆಯಿಂದ ಕಾರ್ಡುಗಳು ಹೋಗುತ್ತಿದ್ದವು. ಕಿಕಿಯಾಮಾ ಮಾತನ್ನೂ ಬಿಟ್ಟರು, ಮುಖವನ್ನೂ ಬಿಟ್ಟರು.

ಹೆಸರಿಟ್ಟವರೂ ಅವರೇ

ಕನಸಿನೊಳಗಿನ ಎಷ್ಟೋ ಪಾತ್ರಗಳಿಗೆ ಆಟದಲ್ಲಿ ಹೆಸರೇ ಇಲ್ಲ. ಇಂದು ಬಳಕೆಯಲ್ಲಿರುವ ಹೆಚ್ಚಿನ ಹೆಸರುಗಳು ಆಡಿದವರು ಇಟ್ಟವು. ಒಂದು ಪುಟ್ಟ ಮನೆಯಲ್ಲಿ ಹೊಂಗೂದಲ ಹುಡುಗಿಯೊಬ್ಬಳಿದ್ದಾಳೆ, ಅವಳು ಪೊನಿಕೊ. ಅವಳ ಕೋಣೆಯ ದೀಪದ ಗುಂಡಿ ಒತ್ತಿದರೆ ಸಾಮಾನ್ಯವಾಗಿ ಕತ್ತಲಾಗುತ್ತದೆ, ಅಷ್ಟೆ. ಆದರೆ ಅರವತ್ತನಾಲ್ಕರಲ್ಲಿ ಒಂದು ಸಲದ ಸಾಧ್ಯತೆಯಂತೆ ಪೊನಿಕೊ ಮಾಯವಾಗಿ ಅವಳ ಜಾಗದಲ್ಲಿ ಕಪ್ಪುಬಿಳುಪಿನ ವಿಕಾರ ಮುಖವೊಂದು ಎದ್ದು ನಿಲ್ಲುತ್ತದೆ. ಅದಕ್ಕೆ ಉಬೊವಾ ಎಂದು ಹೆಸರಾಯಿತು. ಬಹಳಷ್ಟು ಜನರಿಗೆ ಆಟದಲ್ಲಿ ಅದು ಕಾಣುವುದೇ ಇಲ್ಲ. ಕಂಡವರು ಬರೆದರು, ಕಾಣದವರು ಆ ಚಿತ್ರ ನೋಡಿ ಹೆದರಿ, ಹುಡುಕಲು ಹೊರಟರು.

ಬಾಹ್ಯಾಕಾಶ ನೌಕೆಯೊಂದರಲ್ಲಿ ಒಂಟಿಯಾಗಿ ಪಿಯಾನೊ ಮುಂದೆ ಇರುವ ಕಪ್ಪುಬಿಳುಪಿನ ಜೀವಿಯೊಂದಿದೆ. ಅವನನ್ನು ಮಸಾದಾ ಮೇಷ್ಟ್ರೆಂದು ಕರೆದರು. ಅವನ ಪಕ್ಕದಲ್ಲಿ ಮಾದೊತ್ಸುಕಿಯನ್ನು ಕೂರಿಸಿ ಬರೆದ ಚಿತ್ರಗಳು ಅಭಿಮಾನಿಗಳಿಗೆ ಬಹಳ ಪ್ರಿಯ. ಆಟದಲ್ಲಿ ಇವರಿಬ್ಬರ ನಡುವೆ ಒಂದು ಮಾತೂ ನಡೆಯುವುದಿಲ್ಲ. ಸ್ನೇಹ ಹುಟ್ಟಿದ್ದು ಚಿತ್ರಗಳಲ್ಲಿ.

ಇನ್ನೊಂದು ಸಂಗತಿ ನನ್ನನ್ನು ಬಹಳ ಕಾಡುತ್ತದೆ. 24 ರೂಪಗಳನ್ನೂ ಸಂಗ್ರಹಿಸಿ ಕನಸಿನಲ್ಲೇ ಬಿಟ್ಟು ಎಚ್ಚೆತ್ತರೆ ಆಟ ಕೊನೆಯಾಗುತ್ತದೆ. ಆ ಕೊನೆ ಹುಡುಗಿಯ ಸಾವು. ಅದರ ಮುಂದೆ ಸಮಾಧಾನದ ಮಾತಿಲ್ಲ. ಅಷ್ಟು ಹೊತ್ತು ಅವಳ ಜೊತೆ ನಡೆದವರಿಗೆ ಆ ಮೌನ ತಡೆಯಲಾಗಲಿಲ್ಲ. ಹಾಗಾಗಿ ಅವಳು ಕೋಣೆಯ ಬಾಗಿಲನ್ನು ಎಚ್ಚರದಲ್ಲೇ ತೆರೆದು ಹೊರಗೆ ಕಾಲಿಡುವುದನ್ನು, ಕನಸಿನವರೆಲ್ಲ ಸೇರಿ ಅವಳನ್ನು ಹಿಡಿದುಕೊಳ್ಳುವುದನ್ನು ಬರೆದರು. ಅಭಿಮಾನಿಗಳ ಚಿತ್ರವೆಂದರೆ ಬರೀ ನಕಲು ಎನ್ನುವವರು ಇದನ್ನು ಗಮನಿಸಬೇಕು. ಮೂಲ ಕೃತಿ ಕೊಡದ ಆಸರೆಯನ್ನು ನೋಡಿದವರೇ ಒಬ್ಬರಿಗೊಬ್ಬರು ಕೊಟ್ಟುಕೊಂಡರು.

ಹತ್ತು ವರ್ಷದ ಮೌನ

ಕಾಲವೂ ಕೂಡಿಬಂತು. 2007ರ ಸೆಪ್ಟೆಂಬರ್ 10ರಂದು ಜಪಾನಿನಲ್ಲಿ ‘ಪಿಕ್ಸಿವ್’ ಎಂಬ ಚಿತ್ರ ಹಂಚಿಕೆಯ ತಾಣ ಶುರುವಾಯಿತು. ಮೂರು ವಾರ ಕಳೆದು, ಅಕ್ಟೋಬರ್ 1ರಂದು, ಯುಮೆ ನಿಕ್ಕಿಯ 0.10ನೆಯ ಆವೃತ್ತಿ ಬಂತು. ಆಮೇಲೆ ಬಹುಕಾಲ ಕಿಕಿಯಾಮಾ ಕಡೆಯಿಂದ ಹೊಸದೇನೂ ಬರಲಿಲ್ಲ. ಆಟ ನಿಂತಿತು, ಚಿತ್ರಗಳು ಶುರುವಾದವು. ಅಂಚೆ ಕಾರ್ಡಿನ ಕಾಲದಲ್ಲಿ ಸಂಪಾದಕರು ಆರಿಸಿದ ಕೆಲವೇ ಚಿತ್ರಗಳು ತಿಂಗಳ ನಂತರ ಅಚ್ಚಾಗುತ್ತಿದ್ದವು. ಈಗ ರಾತ್ರಿ ಬರೆದದ್ದನ್ನು ಬೆಳಗಾಗುವಷ್ಟರಲ್ಲಿ ಊರಾಚೆ, ದೇಶದಾಚೆ ನೋಡಬಹುದಿತ್ತು. ಆಟದಲ್ಲಿ ಮಾತು ಕಡಿಮೆಯಾದ್ದರಿಂದ ಭಾಷೆ ಬಾರದವರೂ ಆಡಿದರು. ಚಿತ್ರಕ್ಕಂತೂ ಅನುವಾದವೇ ಬೇಡ.

ನೋಡುತ್ತಾ ಬರೆದವರು ಮೆಲ್ಲಗೆ ಆಟ ಕಟ್ಟುವುದಕ್ಕೂ ಇಳಿದರು. 2007ರ ಕೊನೆಗೇ ‘ಯುಮೆ 2ಕ್ಕಿ’ ಎಂಬ ಸಾಮೂಹಿಕ ಆಟ ಆರಂಭವಾಯಿತು. ಒಬ್ಬರು ಒಂದು ಲೋಕ ಸೇರಿಸಿದರೆ ಇನ್ನೊಬ್ಬರು ಅದರ ಪಕ್ಕಕ್ಕೆ ಇನ್ನೊಂದು. ಹೀಗೆ ಬಹಳಷ್ಟು ಕೈಗಳು ಕೂಡಿ ಬೆಳೆಸಿದ ಅದು ವಿಸ್ತಾರದಲ್ಲಿ ಮೂಲವನ್ನು ಎಷ್ಟೋ ಹಿಂದೆ ಹಾಕಿದೆ. 2009ರಲ್ಲಿ ‘.ಫ್ಲೋ’ ಎಂಬ ಇನ್ನೊಂದು ಅಭಿಮಾನಿ ಆಟ ಬಂತು. 2013ರಲ್ಲಿ ಯುಮೆ ನಿಕ್ಕಿಯ ಕಾದಂಬರಿ ಮತ್ತು ಮಂಗಾ ರೂಪಗಳು ಪ್ರಕಟವಾದವು. ಕಡೆಗೆ 2018ರಲ್ಲಿ, ಹತ್ತು ವರ್ಷ ದಾಟಿದ ಮೌನದ ಬಳಿಕ, ಮೂಲ ಆಟ ‘ಸ್ಟೀಮ್’ ಎಂಬ ಆನ್‌ಲೈನ್ ಅಂಗಡಿಗೆ ಉಚಿತವಾಗಿ ಬಂತು. ಕಿಕಿಯಾಮಾ ಸಮ್ಮತಿಯಿಂದ ತಯಾರಾದ ‘ಡ್ರೀಮ್ ಡೈರಿ’ ಎಂಬ ಹೊಸ ರೂಪವೂ ಅದರ ಹಿಂದೆಯೇ ಬಂತು. ಇವೆಲ್ಲ ಬರುವ ಹೊತ್ತಿಗೆ ಕಾದು ಕುಳಿತ ಜನ ಇದ್ದರು. ಜಾಹೀರಾತೇ ಇಲ್ಲದ ಆಟಕ್ಕೆ ಆ ಜನರನ್ನು ಅಷ್ಟು ವರ್ಷ ಹಿಡಿದಿಟ್ಟದ್ದರಲ್ಲಿ ಚಿತ್ರಗಳ ಪಾಲು ದೊಡ್ಡದು.

ಅದರ ನೆರಳು ಇನ್ನೂ ಮುಂದೆ ಚಾಚಿತು. 2020ರ ಡಿಸೆಂಬರ್‌ನಲ್ಲಿ ಬಂದು ಲೋಕಪ್ರಿಯವಾದ ‘ಓಮೊರಿ’ ಆಟದ ಮೇಲೆ ಯುಮೆ ನಿಕ್ಕಿಯ ಪ್ರಭಾವ ಎದ್ದು ಕಾಣುತ್ತದೆ. ಅದನ್ನು ರೂಪಿಸಿದ ಓಮೊಕ್ಯಾಟ್ ಮೊದಲು ಹೆಸರು ಮಾಡಿದ್ದು ಚಿತ್ರಕಾರರಾಗಿಯೇ.

ಹಂಚುವವರ ಹೊಣೆ

ಬೇರೆಯವರು ಸೃಷ್ಟಿಸಿದ ಪಾತ್ರವನ್ನು ಬರೆಯಲು ಹಕ್ಕಿದೆಯೇ ಎಂಬ ಪ್ರಶ್ನೆ ಸಹಜ. ಕೃತಿಸ್ವಾಮ್ಯದ ಕಾನೂನನ್ನು ಅಕ್ಷರಶಃ ಹಿಡಿದರೆ ಮೂಲ ಸೃಷ್ಟಿಕರ್ತರ ಒಪ್ಪಿಗೆ ಬೇಕು. ವಾಸ್ತವದಲ್ಲಿ ಜಪಾನಿನ ಗೇಮ್ ಲೋಕ ಈ ವಿಷಯದಲ್ಲಿ ಉದಾರವಾಗಿಯೇ ನಡೆದುಕೊಂಡಿದೆ. ‘ತೊಹೊ’ ಎಂಬ ಆಟಗಳ ಸರಣಿಯನ್ನು ಒಬ್ಬರೇ ಕಟ್ಟಿದ ಝುನ್ ತಮ್ಮ ಪಾತ್ರಗಳನ್ನು ಅಭಿಮಾನಿಗಳು ಬಳಸಿಕೊಳ್ಳಲು ನಿಯಮಗಳನ್ನು ಪ್ರಕಟಿಸಿ ಬಾಗಿಲು ತೆರೆದರು. ಆ ಸರಣಿಗೆಂದೇ ಮೀಸಲಾದ ಅಭಿಮಾನಿ ಸಂತೆ 2004ರಿಂದ ನಡೆಯುತ್ತಿದೆ.

ಹಾಗಿದ್ದ ಮೇಲೆ ಅಭಿಮಾನಿಗಳ ಚಿತ್ರಕ್ಕೂ ಅಷ್ಟೇ ಮರ್ಯಾದೆ ಸಲ್ಲಬೇಕು. ಇಂದು ಚಿತ್ರ ಸಿಗುವುದು ಸುಲಭ, ಬರೆದವರ ಹೆಸರು ಸಿಗುವುದು ಕಷ್ಟ. ಒಂದು ಕಡೆಯಿಂದ ಇನ್ನೊಂದು ಕಡೆಗೆ ಎತ್ತಿ ಹಾಕುವಾಗ ಮೂಲೆಯ ಸಹಿಯೇ ಕತ್ತರಿಸಿ ಹೋಗುತ್ತದೆ. ಅಂಚೆ ಕಾರ್ಡಿನ ಚಿತ್ರ ಹಾಕಿದ ಪತ್ರಿಕೆಗಳು ಕಾವ್ಯನಾಮವನ್ನು ತಪ್ಪದೆ ಹಾಕುತ್ತಿದ್ದವು; ಮುಂದಿನ ತಿಂಗಳು ಇನ್ನೊಂದು ಕಾರ್ಡು ಬರಲು ಆ ಒಂದು ಸಾಲೇ ಕಾರಣವಾಗುತ್ತಿತ್ತು.

ಸಣ್ಣ ಆಟವೊಂದನ್ನು ಪ್ರೀತಿಸಿ ಅದರ ಚಿತ್ರಗಳನ್ನು ಒಂದೆಡೆ ಸೇರಿಸುವವರಿಗೆ ನಾನು ಕೇಳಿಕೊಳ್ಳುವುದು ಇಷ್ಟು: ಬರೆದವರ ಒಪ್ಪಿಗೆ ಕೇಳಿ, ಹೆಸರು ಹಾಕಿ, ಯಾವಾಗ ಬರೆದದ್ದೆಂದು ದಾಖಲಿಸಿ. ಚೆಂದ ಬರೆದದ್ದನ್ನಷ್ಟೇ ಆರಿಸಬೇಡಿ. ನಡುಗುವ ಗೆರೆಯ, ಅಳತೆ ತಪ್ಪಿದ ಚಿತ್ರಕ್ಕೂ ಜಾಗವಿರಲಿ. ಪಾತ್ರದ ಬಗ್ಗೆ ಯಾರೂ ಯೋಚಿಸದ ಒಂದು ಉತ್ತರ ಅದರಲ್ಲೂ ಇರಬಹುದು. ದೊಡ್ಡ ಆಟಗಳ ಚರಿತ್ರೆಯನ್ನು ಕಂಪನಿಗಳು ಕಾಪಿಟ್ಟುಕೊಳ್ಳುತ್ತವೆ. ಯಾರಿಗೂ ಗೊತ್ತಿಲ್ಲದ ಆಟದ ಚರಿತ್ರೆ ಉಳಿಯಬೇಕಾದರೆ, ಅದನ್ನು ಆಡಿ ಸುಮ್ಮನಿರಲಾರದೆ ಪೆನ್ಸಿಲ್ ಹಿಡಿದವರ ಹೆಸರು ಉಳಿಯಬೇಕು.